ಗಿರಣಿಯ ಅಟ್ಟದಲ್ಲಿ ಸಿಕ್ಕ 'ಟಕ್'

ಮನೆಗೆ ನಾಯಿಮರಿ ಬಂದ ಮೊದಲ ವಾರದಲ್ಲೇ ಯಾರಾದರೊಬ್ಬರು ಅದಕ್ಕೆ ಶೇಕ್‌ಹ್ಯಾಂಡ್ ಕಲಿಸಲು ಕೂರುತ್ತಾರೆ. 'ಕೈ ಕೊಡು, ಎಲ್ಲಿ, ಕೈ ಕೊಡು' ಎನ್ನುತ್ತ ತಾವೇ ಅದರ ಮುಂಗಾಲನ್ನು ಎತ್ತಿ ಹಿಡಿದು ಕುಲುಕುತ್ತಾರೆ. ಹತ್ತು ಸಲ, ಇಪ್ಪತ್ತು ಸಲ. ಮರಿ ಆಕಳಿಸುತ್ತದೆ, ಬೆರಳು ಕಚ್ಚಿ ನೋಡುತ್ತದೆ, ಅಡುಗೆಮನೆಯ ಕಡೆ ಕಿವಿ ನಿಮಿರಿಸುತ್ತದೆ. ಕೊನೆಗೆ ಅಭ್ಯಾಸವಾಗುವುದು ಮರಿಗಲ್ಲ, ಕಾಲು ಎತ್ತುವವರಿಗೆ.

ಈ ಪದ್ಧತಿಯಿಂದ ಹೆಚ್ಚು ಗಿಟ್ಟುವುದಿಲ್ಲವೆಂದು ಇಪ್ಪತ್ತಮೂರರ ತರುಣನೊಬ್ಬ 1898ರಲ್ಲೇ ಬರೆದಿಟ್ಟಿದ್ದ. ಹೆಸರು ಎಡ್ವರ್ಡ್ ಥಾರ್ನ್‌ಡೈಕ್. ನಮ್ಮಲ್ಲಿ ಬಿ.ಎಡ್. ಮಾಡಿದವರಿಗೆ, ಟಿಇಟಿ ಬರೆದವರಿಗೆ ಈ ಹೆಸರು ಕೇಳಿದರೆ 'ಪ್ರಯತ್ನ-ದೋಷ ಕಲಿಕೆ' ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ಆ ಉತ್ತರದ ಹಿಂದಿರುವ ಬೆಕ್ಕು, ನಾಯಿ, ಕೋಳಿಮರಿಗಳ ನೆನಪು ಯಾರಿಗೂ ಇರುವುದಿಲ್ಲ. ಹಾರ್ವರ್ಡಿನಲ್ಲಿ ಓದುವಾಗ ಆತ ಪ್ರಯೋಗಕ್ಕೆಂದು ಕೋಳಿಮರಿ ಸಾಕಿದ್ದ. ಬಾಡಿಗೆ ಕೋಣೆಯ ಒಡತಿ ಒಪ್ಪಲಿಲ್ಲ. ಗುರು ವಿಲಿಯಂ ಜೇಮ್ಸ್ ತನ್ನ ಮನೆಯ ನೆಲಮಾಳಿಗೆಯನ್ನೇ ಕೋಳಿಗಳಿಗೆ ಬಿಟ್ಟುಕೊಟ್ಟ. ಮುಂದೆ ಥಾರ್ನ್‌ಡೈಕ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಕೈಯಲ್ಲಿದ್ದ ಬುಟ್ಟಿಯಲ್ಲಿ ಎರಡು ಕೋಳಿಗಳೂ ಇದ್ದವು.

ಅಲ್ಲಿ ಆತ ಮರದ ಪಟ್ಟಿ ಬಡಿದ ಪೆಟ್ಟಿಗೆಗಳನ್ನು ಕಟ್ಟಿಸಿಕೊಂಡು ಹಸಿದ ಬೆಕ್ಕನ್ನೋ ನಾಯಿಯನ್ನೋ ಒಳಗೆ ಬಿಡುತ್ತಿದ್ದ. ಹೊರಗೆ ಊಟ. ಒಳಗೆ ಒಂದು ದಾರದ ಕುಣಿಕೆಯೋ ಅಗುಳಿಯೋ ಇರುತ್ತಿತ್ತು; ಎಳೆದರೆ, ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಎಷ್ಟು ಹೊತ್ತಿಗೆ ಹೊರಬಂತು ಎಂದು ಗಡಿಯಾರ ನೋಡಿ ಬರೆದುಕೊಳ್ಳುವುದೇ ಕೆಲಸ. ಹೊತ್ತು ಇಳಿಯುತ್ತ ಹೋಯಿತು, ಆದರೆ ನಿಧಾನವಾಗಿ, ಏರುಪೇರಾಗಿ. 'ಓ, ಇದರ ಗುಟ್ಟು ಇಷ್ಟೇ!' ಎಂದು ಒಮ್ಮೆಗೇ ಹೊಳೆದಿದ್ದರೆ ಗೆರೆ ಧೊಪ್ಪನೆ ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲ. ಇನ್ನೊಂದು ಪರೀಕ್ಷೆಯನ್ನೂ ಮಾಡಿದ. ಪ್ರಾಣಿಯ ಪಂಜವನ್ನು ತಾನೇ ಹಿಡಿದು ಕುಣಿಕೆಯ ಮೇಲಿಟ್ಟು ಎಳೆಸಿದ, ಮತ್ತೆ ಮತ್ತೆ. ಅದರಿಂದ ಅವು ಕಲಿಯಲಿಲ್ಲ. ತಾವಾಗಿ ಮಾಡಿ, ಅದರಿಂದ ಒಳ್ಳೆಯದಾದರೆ ಮಾತ್ರ ಆ ಕೆಲಸ ಮೈಗೆ ಹತ್ತುತ್ತಿತ್ತು.

ಅದಕ್ಕೆ ನಾಲ್ಕು ವರ್ಷ ಮೊದಲು, 1894ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಲಾಯ್ಡ್ ಮಾರ್ಗನ್ ತನ್ನ ನಾಯಿ ಟೋನಿಯ ಬಗ್ಗೆ ಬರೆದಿದ್ದ. ಟೋನಿ ಫಾಕ್ಸ್ ಟೆರಿಯರ್ ಜಾತಿಯದು. ಮನೆಯ ಕಬ್ಬಿಣದ ಗೇಟಿನ ಚಿಲಕವನ್ನು ತಲೆಯಿಂದ ಎತ್ತಿ ತಾನೇ ತೆರೆದುಕೊಂಡು ಬೀದಿಗೆ ಹೋಗುತ್ತಿತ್ತು. ನೋಡಿದವರು 'ಎಂಥಾ ತಲೆ!' ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಮಾರ್ಗನ್ ಮಾತ್ರ ಈ ವಿದ್ಯೆ ಹುಟ್ಟಿದ್ದನ್ನು ಮೊದಲ ದಿನದಿಂದ ನೋಡಿದ್ದ. ಬೀದಿ ನೋಡುವ ಆಸೆಗೆ ನಾಯಿ ಸರಳುಗಳ ಸಂದಿಯಲ್ಲಿ ಅಲ್ಲಲ್ಲಿ ತಲೆ ತೂರಿಸುತ್ತಿತ್ತು. ಒಂದು ದಿನ ಚಿಲಕದ ಕೆಳಗಿನ ಸಂದಿಯಲ್ಲಿ ತೂರಿಸಿ ತಲೆ ಎತ್ತಿದಾಗ ಗೇಟು ತೆರೆಯಿತು. ಆಮೇಲೆ ವಾರಗಳು ಕಳೆದಂತೆ ಬೇಡದ ಸಂದಿಗಳು ಬಿಟ್ಟುಹೋದವು, ಚಿಲಕದ ಸಂದಿ ಉಳಿಯಿತು.

ಹಾಗಾದರೆ ನಾಯಿಗೆ ಆಟ ಕಲಿಸುವುದೆಂದರೆ ಗೇಟು ತಾನಾಗಿ ತೆರೆಯುವ ತನಕ ಕಾಯುವುದೇ? ಅದೃಷ್ಟ ಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು. ಆಸೆ ತೋರಿಸಿ ಕಲಿಸುವುದೇನೋ ಲೋಕಕ್ಕೆ ಹೊಸದಲ್ಲ. ಕೋಲೆಬಸವನನ್ನು ತಲೆಯಾಡಿಸಲು ಪಳಗಿಸಿದವರು ಯಾವ ಮನಶ್ಶಾಸ್ತ್ರವನ್ನೂ ಓದಿರಲಿಲ್ಲ. ತಿಂಡಿ ಕೊಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಯಾವಾಗ ಕೊಡಬೇಕು, ಯಾವುದಕ್ಕೆ ಕೊಡಬೇಕು ಎಂಬ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಇನ್ನೂ ಅರ್ಧ ಶತಮಾನ ಕಳೆದ ಮೇಲೆ. ಅದೂ ನಾಯಿಯಿಂದಲ್ಲ.

ಉತ್ತರ ಕಂಡುಕೊಂಡ ಬಿ.ಎಫ್. ಸ್ಕಿನ್ನರ್ ಪೆನ್ಸಿಲ್ವೇನಿಯಾದ ಸಣ್ಣ ಊರಿನವ, ಹುಟ್ಟಿದ್ದು 1904ರಲ್ಲಿ. ಕೈಗೆ ಸಿಕ್ಕಿದ ತಗಡು, ತಂತಿ, ದಾರಗಳಿಂದ ಏನಾದರೂ ಮಾಡುತ್ತಲೇ ಇರುವ ಸ್ವಭಾವ. ಹಾರ್ವರ್ಡಿನಲ್ಲಿ ಇಲಿಗಳಿಗಾಗಿ ಒಂದು ಪೆಟ್ಟಿಗೆ ಮಾಡಿದ: ಒಳಗಿನ ಸನ್ನೆಯನ್ನು ಇಲಿ ಒತ್ತಿದರೆ ತಿಂಡಿಯ ಗುಳಿಗೆ ಬೀಳುತ್ತದೆ, ಎಷ್ಟು ಸಲ ಒತ್ತಿತೆಂದು ಕಾಗದದ ಮೇಲೆ ಗೆರೆ ತಾನೇ ಮೂಡುತ್ತದೆ. ಅಲ್ಲಿ ಮನುಷ್ಯನಿಗೆ ಕೆಲಸವೇ ಇರಲಿಲ್ಲ. ತಾನು ಎದುರಿಗೆ ನಿಂತರೆ ಪ್ರಯೋಗ ಕೆಡುತ್ತದೆ ಎಂಬ ಎಚ್ಚರ ಅವನಿಗೆ. ಈ ಎಚ್ಚರವೇ ಮುಂದೆ ಕೆಲವು ವರ್ಷ ಅವನ ಕಣ್ಣಿಗೆ ಪರದೆಯಾಯಿತು ಅಂತ ನನಗನ್ನಿಸುತ್ತದೆ.

ಗುಳಿಗೆಯದ್ದೇ ಒಂದು ಉಪಕತೆ ಇದೆ. ಔಷಧ ಅಂಗಡಿಯವರು ಮಾತ್ರೆ ಉರುಳಿಸುವ ಯಂತ್ರದಲ್ಲಿ ಆತ ಇಲಿಗಳ ತಿಂಡಿಯನ್ನು ಕೈಯಾರೆ ಮಾಡಿಕೊಳ್ಳುತ್ತಿದ್ದ. 8 ಇಲಿ, ತಲಾ ದಿನಕ್ಕೆ 100 ಗುಳಿಗೆ. ಒಂದು ಶನಿವಾರ ಮಧ್ಯಾಹ್ನ ನೋಡಿದರೆ ದಾಸ್ತಾನು ಸೋಮವಾರ ಬೆಳಿಗ್ಗೆಯ ತನಕವಷ್ಟೇ. ರಜೆಯ ಹೊತ್ತನ್ನು ಗುಳಿಗೆ ಉರುಳಿಸುತ್ತ ಕಳೆಯಲು ಮನಸ್ಸಾಗಲಿಲ್ಲ. ಪ್ರತಿ ಒತ್ತಿಗೂ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟು ನೋಡೋಣ ಎಂದುಕೊಂಡ. ಇಲಿಗಳು ಸನ್ನೆ ಒತ್ತುವುದನ್ನು ಬಿಡಲಿಲ್ಲ, ಒಂದೇ ಲಯದಲ್ಲಿ ಒತ್ತುತ್ತಲೇ ಹೋದವು. ಕಲಿತ ಆಟಕ್ಕೆ ಆಗೊಮ್ಮೆ ಈಗೊಮ್ಮೆ ತಿಂಡಿ ಸಿಕ್ಕರೆ ಸಾಕು, ಆಟ ನಿಲ್ಲುವುದಿಲ್ಲ ಎಂಬುದು ಹೀಗೆ ಸೋಮಾರಿತನದಿಂದ ಸಿಕ್ಕ ಜ್ಞಾನ. ಊಟದ ಮೇಜಿನ ಹತ್ತಿರ ಕೂತು ದೀನವಾಗಿ ನೋಡುವ ನಾಯಿಗೆ ಎಂದೋ ಒಂದು ದಿನ ಚಪಾತಿ ಚೂರು ಎಸೆದವರು ಇದೇ ಪಾಠವನ್ನು ಅರಿಯದೆ ಕಲಿಸಿರುತ್ತಾರೆ.

1930ರ ದಶಕದ ಕೊನೆಗೆ ಸ್ಕಿನ್ನರ್ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದಾಗ ಪ್ಲಿನಿ ಎಂಬ ಇಲಿ ಹೆಸರು ಮಾಡಿತು. ಅದು ದಾರ ಎಳೆದು, ಬಿದ್ದ ಗೋಲಿಯನ್ನು ಎತ್ತಿಕೊಂಡು ಹೋಗಿ ಕೊಳವೆಯೊಳಗೆ ಹಾಕಿ ತಿಂಡಿ ಪಡೆಯುತ್ತಿತ್ತು. ಅದಕ್ಕೆ ಹಾಗೆ ಕಲಿಸಲು ಸ್ಕಿನ್ನರ್ ಪಟ್ಟ ಪಾಡು ಸಾಮಾನ್ಯದ್ದಲ್ಲ. ಇಲಿಯನ್ನು ತಿದ್ದುವ ಬದಲು ಪೆಟ್ಟಿಗೆಯ ನೆಲ, ಎತ್ತರ, ಕೊಳವೆಗಳನ್ನು ದಿನಕ್ಕಿಷ್ಟು ಬದಲಿಸುತ್ತ ಬಂದಿದ್ದ. ಎಲ್ಲವೂ ಯಂತ್ರದ ಮೂಲಕವೇ.

ಆಮೇಲೆ ಯುದ್ಧ ಬಂತು. ಪಾರಿವಾಳ ಗುರಿ ನೋಡಿ ಕುಕ್ಕುತ್ತ ಬಾಂಬನ್ನು ಶತ್ರುವಿನ ಹಡಗಿಗೆ ಒಯ್ಯಲಿ ಎಂಬ ಯೋಜನೆ ಸ್ಕಿನ್ನರ್‌ನದು. ಕೇಳಿದವರು ನಕ್ಕರು, ಆದರೂ ಹಿಟ್ಟು ಮಾರುವ ಜನರಲ್ ಮಿಲ್ಸ್ ಕಂಪನಿ 1942ರಲ್ಲಿ 5,000 ಡಾಲರ್ ಕೊಟ್ಟು, ಮಿನಿಯಾಪೊಲಿಸ್ ನಗರದ ತನ್ನ ಗಿರಣಿಯ ಮೇಲಂತಸ್ತನ್ನು ಬಿಟ್ಟುಕೊಟ್ಟಿತು. ಮರುವರ್ಷ ಸರ್ಕಾರದಿಂದ 25,000 ಡಾಲರ್ ಬಂತು. 1944ರಲ್ಲಿ ಯೋಜನೆ ರದ್ದಾಯಿತು. ಒಂದು ಪಾರಿವಾಳವೂ ಯುದ್ಧಕ್ಕೆ ಹೋಗಲಿಲ್ಲ. ಹೋಗದೆ ಇದ್ದದ್ದು ಒಳ್ಳೆಯದಾಯಿತು ಎನ್ನಲು ನನಗೆ ಸಂಕೋಚವಿಲ್ಲ.

ನಮಗೆ ಬೇಕಾದದ್ದು ಯುದ್ಧವಲ್ಲ, ನಡುವೆ ಸಿಕ್ಕ ಬಿಡುವು. ವಾಷಿಂಗ್ಟನ್ನಿನಿಂದ ಬರಬೇಕಾದ ಅನುಮತಿಗೆ ಕಾಯುತ್ತ 1943ರಲ್ಲಿ ಸ್ಕಿನ್ನರ್ ಮತ್ತು ಅವನ ಇಬ್ಬರು ಶಿಷ್ಯರು, ಕೆಲ್ಲರ್ ಬ್ರೆಲ್ಯಾಂಡ್ ಮತ್ತು ನಾರ್ಮನ್ ಗಟ್‌ಮನ್, ಆ ಅಟ್ಟದಲ್ಲಿ ದಿನ ದೂಡುತ್ತಿದ್ದರು. ಕಿಟಕಿಯಾಚೆ ಗಿರಣಿಯ ಕಾಳಿಗೆ ಬಂದ ಪಾರಿವಾಳಗಳ ಹಿಂಡು. ಒಂದು ದಿನ ಹೊತ್ತು ಕಳೆಯಲೆಂದೇ ಒಂದು ಪಾರಿವಾಳಕ್ಕೆ ಬೌಲಿಂಗ್ ಕಲಿಸೋಣ ಎಂದುಕೊಂಡರು. ಕ್ರಿಕೆಟ್ಟಿನದಲ್ಲ; ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ. ಪೆಟ್ಟಿಗೆಯೊಳಗೆ ಮರದ ಚೆಂಡು, ಎದುರಿಗೆ ಆಟಿಕೆಯ ಗೂಟಗಳು. ಪಾರಿವಾಳ ಕೊಕ್ಕಿನಿಂದ ಚೆಂಡನ್ನು ಅಡ್ಡಕ್ಕೆ ಹೊಡೆಯಬೇಕು. ಹೊಡೆದ ಕೂಡಲೇ ಕೈಯಲ್ಲಿದ್ದ ಸ್ವಿಚ್ಚನ್ನು ಒತ್ತಿದರೆ ಕಾಳಿನ ತಟ್ಟೆ 'ಟಕ್' ಎಂದು ಮುಂದೆ ಬರುತ್ತದೆ.

ಮೂವರೂ ಕಾದರು. ಪಾರಿವಾಳ ಚೆಂಡಿನ ಗೊಡವೆಗೇ ಹೋಗಲಿಲ್ಲ. ಕಾದು ಬೇಸತ್ತು, ಹೊಡೆತವೇ ಬೇಕೆಂಬ ಹಟ ಬಿಟ್ಟರು. ಹೊಡೆತಕ್ಕೆ ಕಿಂಚಿತ್ತು ಹೋಲುವ ಏನನ್ನು ಮಾಡಿದರೂ ಕೊಡೋಣ ಎಂದು ತೀರ್ಮಾನಿಸಿದರು. ಪಾರಿವಾಳ ಚೆಂಡಿನ ಕಡೆ ನೋಡಿತು. ಟಕ್. ಮತ್ತೆ ನೋಡಿತು. ಟಕ್. ಇನ್ನು ಬರೀ ನೋಟಕ್ಕಿಲ್ಲ, ಒಂದು ಹೆಜ್ಜೆ ಹತ್ತಿರ ಬರಬೇಕು. ಟಕ್. ಕೊಕ್ಕು ಬಾಗಬೇಕು. ಟಕ್. ಕೊಕ್ಕು ತಾಗಬೇಕು. ಕೆಲವೇ ನಿಮಿಷ, ಚೆಂಡು ಪೆಟ್ಟಿಗೆಯ ಗೋಡೆಗಳಿಗೆಲ್ಲ ಬಡಿದು ಚಿಮ್ಮತೊಡಗಿತು. ಪಳಗಿದ ಸ್ಕ್ವಾಷ್ ಆಟಗಾರನ ಕೈಗೆ ಸಿಕ್ಕಂತೆ ಎಂದು ಸ್ಕಿನ್ನರ್ ಆಮೇಲೆ ನೆನೆದುಕೊಂಡಿದ್ದಾನೆ. ಪ್ಲಿನಿಗಾಗಿ ಪೆಟ್ಟಿಗೆಯನ್ನು ದಿನಗಟ್ಟಲೆ ಕಡೆದು ಬದಲಿಸಿದ್ದವನಿಗೆ, ಬರೀ ಕಣ್ಣು ಮತ್ತು ಹೆಬ್ಬೆರಳಿನಿಂದ ಇಷ್ಟಾಯಿತಲ್ಲ ಎಂಬುದೇ ಬೆರಗು. ಬದುಕಿನಲ್ಲೇ ದೊಡ್ಡ ಬೆಳಕು ಕಂಡ ದಿನ ಅದು ಎಂದು ಆತ ಕೊನೆಯವರೆಗೂ ಹೇಳುತ್ತಿದ್ದ. ಹಸಿ ಮಣ್ಣನ್ನು ಕೈಯಲ್ಲಿ ತಿದ್ದಿ ಮೂರ್ತಿ ಮಾಡುವ ಹೋಲಿಕೆಯನ್ನು ಮುಂದೆ ಆತ ಬಳಸಿದ್ದೂ ಇದಕ್ಕೇ.

ಇಲ್ಲಿ ಸಿಕ್ಕಿದ್ದೇನು? ಮೊದಲನೆಯದು, ಪೂರ್ತಿ ಕೆಲಸಕ್ಕೆ ಕಾಯಬಾರದು, ಅದರ ಮೊಳಕೆಗೇ ಬೆಲೆ ಕೊಡಬೇಕು. ಎರಡನೆಯದು ಆ 'ಟಕ್'. ಪಾರಿವಾಳ ತಟ್ಟೆಯ ಹತ್ತಿರ ಹೋಗಿ ಕಾಳು ತಿನ್ನುವಷ್ಟರಲ್ಲಿ ಎರಡು ಮೂರು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಅದು ತಿರುಗಿದೆ, ನಡೆದಿದೆ, ರೆಕ್ಕೆ ಕೊಡವಿದೆ. ಕಾಳು ಯಾವುದಕ್ಕೆ ಬಂತು? ಉತ್ತರ ಹೇಳುವುದು ಸದ್ದು. ಸದ್ದಿಗೆ ಆ ಬೆಲೆ ಎಲ್ಲಿಂದ ಬಂತೆಂದು ಕೇಳಿದರೆ ಪಾವ್ಲೊವ್‌ನ ಹತ್ತಿರ ಹೋಗಬೇಕು. ಸೇಂಟ್ ಪೀಟರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ತಾಳಯಂತ್ರದ ಬಡಿತ ಕೇಳಿಯೇ ನಾಯಿಗಳ ಬಾಯಲ್ಲಿ ಜೊಲ್ಲೂರಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಅಲ್ಲಿ ಸದ್ದು 'ಊಟ ಬಂತು' ಎಂದು ಸಾರಿದರೆ, ಗಿರಣಿಯ ಅಟ್ಟದಲ್ಲಿ 'ಈಗ ಮಾಡಿದೆಯಲ್ಲ, ಅದಕ್ಕೆ' ಎಂದು ಬೆರಳಿಟ್ಟು ತೋರಿಸಿತು.

ಈ ಬೆರಗನ್ನು ಕಣ್ಣಾರೆ ಕಂಡ ಕೆಲ್ಲರ್ ಬ್ರೆಲ್ಯಾಂಡ್‌ಗೆ ವಿಶ್ವವಿದ್ಯಾಲಯ ರುಚಿಸಲಿಲ್ಲ. ಆತ ಮತ್ತು ಹೆಂಡತಿ ಮೇರಿಯನ್, ಆಕೆಯೂ ಸ್ಕಿನ್ನರ್‌ನ ಶಿಷ್ಯೆಯೇ, ಪಿಎಚ್.ಡಿ.ಯ ದಾರಿ ಬಿಟ್ಟು ಮಿನ್ನೆಸೋಟದಲ್ಲಿ ಹೊಲಮನೆ ಹಿಡಿದು ಪ್ರಾಣಿಗಳಿಗೆ ಆಟ ಕಲಿಸುವ ಕಸುಬು ಶುರುಮಾಡಿದರು. ಪಶು ಆಹಾರದ ಜಾಹೀರಾತಿಗಾಗಿ ಊರೂರು ಸುತ್ತುವ ಕೋಳಿಗಳು ಬಂದವು. ಪ್ರಿಸಿಲ್ಲಾ ಎಂಬ ಹಂದಿ ಬಂತು: ಅದು ರೇಡಿಯೊ ಹಚ್ಚಿ, ಮೇಜಿನಲ್ಲಿ ತಿಂಡಿ ತಿಂದು, ಮೈಲಿಗೆ ಬಟ್ಟೆ ಆಯ್ದು ಬುಟ್ಟಿಗೆ ಹಾಕಿ, ಕೊನೆಗೆ ಸಾಲಾಗಿ ಇಟ್ಟ ಹಿಂಡಿಗಳಲ್ಲಿ ಕಂಪನಿಯ ಹಿಂಡಿಯನ್ನೇ ಆರಿಸುತ್ತಿತ್ತು. ಮುಂದೆ ಅವರು ಅರ್ಕಾನ್ಸಾಸ್ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ಗೆ ಹೋಗಿ 1955ರಲ್ಲಿ 'ಐಕ್ಯೂ ಝೂ' ತೆರೆದರು. ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿಗಳು ಅವರ ಕೈಯಲ್ಲಿ ಪಳಗಿದವು.

ಈ ದಂಪತಿಯ ಮೇಲೆ ನನಗೆ ಗೌರವ ಹೆಚ್ಚಾದದ್ದು ಅವರು 1961ರಲ್ಲಿ ಬರೆದ ಲೇಖನದಿಂದ. ತಮ್ಮ ಸೋಲುಗಳನ್ನು ಅದರಲ್ಲಿ ಬಿಚ್ಚಿಟ್ಟರು. ಹುಂಡಿಗೆ ನಾಣ್ಯ ಹಾಕಲು ಕಲಿತ ರಕೂನ್, ಕೈಗೆ ಎರಡು ನಾಣ್ಯ ಕೊಟ್ಟ ಕೂಡಲೇ ಜಿಪುಣನಂತೆ ಅವನ್ನು ಒಂದಕ್ಕೊಂದು ಉಜ್ಜುತ್ತ ಕೂತಿತು, ಹುಂಡಿಯೊಳಗೆ ಅದ್ದಿ ಮತ್ತೆ ತೆಗೆಯಿತು. ಹಂದಿ ಮರದ ನಾಣ್ಯವನ್ನು ವಾರಗಟ್ಟಲೆ ಚುರುಕಾಗಿ ಹಾಕಿ, ಆಮೇಲೆ ದಾರಿಯಲ್ಲೇ ಕೆಡವಿ ಮೂಗಿನಿಂದ ಕೆದರತೊಡಗಿತು. ಹಸಿವಾದಷ್ಟೂ ಈ ಹುಚ್ಚು ಹೆಚ್ಚಾಯಿತು. ಹುಟ್ಟುಗುಣ ಕೊನೆಗೆ ಕಲಿಕೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ ಎಂದು ಅವರು ಬರೆದದ್ದು ಗುರುವಿಗೆ ಹಿಡಿಸುವ ಮಾತಾಗಿರಲಿಲ್ಲ. ಮುಧೋಳ ನಾಯಿ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಲದ ಹಿಂದೆ ಓಡಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿಗೆ, ಎಸೆದ ಚೆಂಡಿನ ಹಿಂದೆ ಓಡುವ ಅರ್ಧ ಆಟ ಹುಟ್ಟಿನಿಂದಲೇ ಬರುತ್ತದೆ. ಚೆಂಡನ್ನು ತಂದುಕೊಡುವ ಉಳಿದರ್ಧಕ್ಕೆ ಲ್ಯಾಬ್ರಡಾರ್‌ಗೆ ಬೇಕಾಗುವುದಕ್ಕಿಂತ ಹೆಚ್ಚು ಟಕ್ ಬೇಕು.

ನಾಯಿಯ ಸರದಿ ಬಂದದ್ದು 1951ರ ಡಿಸೆಂಬರಿನಲ್ಲಿ. 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸ್ಕಿನ್ನರ್ ಪ್ರಾಣಿಗಳಿಗೆ ಕಲಿಸುವುದು ಹೇಗೆಂದು ಮನೆಮಂದಿಗೆ ತಿಳಿಯುವಂತೆ ಬರೆದ. ಪ್ರಯೋಗಾಲಯ ಬೇಡ, ನಾಯಿಯೊಂದು ಹಸಿದಿದ್ದರೆ ಸಾಕು. ತಿಂಡಿ ಚೂರು ಚೂರಾಗಿರಲಿ. ಸದ್ದಿಗೆ ಮಕ್ಕಳ ಆಟಿಕೆ ಸಾಕು: ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ, ಹೊಟ್ಟೆ ಅದುಮಿದರೆ ಟಕ್-ಟಕ್ ಎನ್ನುವ ತಗಡಿನ ಕಪ್ಪೆ ನೆನಪಿದೆಯಲ್ಲ, ಅದರದೇ ಜಾತಿಯದು. ಅಮೆರಿಕದಲ್ಲಿ ಅದಕ್ಕೆ ಕ್ರಿಕೆಟ್, ಅಂದರೆ ಜೀರುಂಡೆ, ಎಂದು ಹೆಸರು. 1944ರಲ್ಲಿ ನಾರ್ಮಂಡಿಯ ಕತ್ತಲಲ್ಲಿ ಇಳಿದ ಅಮೆರಿಕದ ಪ್ಯಾರಾಟ್ರೂಪರ್‌ಗಳು ತಮ್ಮವರನ್ನು ಗುರುತಿಸಲು ಇಟ್ಟುಕೊಂಡಿದ್ದೂ ಇದನ್ನೇ.

ಸ್ಕಿನ್ನರ್ ಲೇಖನ ಬಂದ ಮರುವರ್ಷ 'ಲುಕ್' ಪತ್ರಿಕೆಯವರು ಇದನ್ನು ಪರೀಕ್ಷಿಸಲೆಂದೇ ಆ್ಯಗ್ನೆಸ್ ಎಂಬ ಡಾಲ್ಮೇಷಿಯನ್ ನಾಯಿಯನ್ನು ಸ್ಕಿನ್ನರ್ ಎದುರು ತಂದು ನಿಲ್ಲಿಸಿದರು. ಗೋಡೆಯ ಮೇಲೆ ಅಡ್ಡಗೆರೆಗಳು. ಇಲ್ಲಿ ಕಪ್ಪೆಯ ಬದಲು ಛಾಯಾಗ್ರಾಹಕನ ಫ್ಲ್ಯಾಶ್ ಬೆಳಕೇ ಗುರುತು. ಪ್ರತಿ ಗುರುತಿಗೂ ಒಂದು ಚಿತ್ರ ತಾನಾಗಿ ಸೆರೆಯಾಗುತ್ತಿತ್ತು, ಒಂದೇ ಏಟಿಗೆ ಎರಡು ಕೆಲಸ. ಆ್ಯಗ್ನೆಸ್ ತಲೆ ಕೆಳಗಿನ ಗೆರೆಯ ಮಟ್ಟಕ್ಕೆ ಏರಿದರೆ ಬೆಳಕು, ಆಮೇಲೆ ಅದರ ಮೇಲಿನ ಗೆರೆಗೆ. 20 ನಿಮಿಷದಲ್ಲಿ ಅದು ಗೋಡೆಗೆ ಜಿಗಿಯುತ್ತಿತ್ತು. ಕಾಲಲ್ಲಿ ಒತ್ತಿ ತೆರೆಯುವ ಕಸದ ಡಬ್ಬಿಯ ಮುಚ್ಚಳ ಎತ್ತುವುದನ್ನೂ ಕಲಿಸಿದರು. ಮನೆಯಲ್ಲಿ ನಾಯಿಯಿರುವ ಯಾರೂ ಕಲಿಸಲು ಇಚ್ಛಿಸದ ವಿದ್ಯೆ ಅದು, ಇರಲಿ.

ಇಷ್ಟಾದ ಮೇಲೆ ಎಲ್ಲರೂ ಕಪ್ಪೆ ಹಿಡಿದು ಹೊರಟರೆಂದು ನೀವು ತಿಳಿಯಬಹುದು. ನಾಯಿ ಪಳಗಿಸುವವರ ಲೋಕ ತಿರುಗಿಯೂ ನೋಡಲಿಲ್ಲ. ಅವರ ಕೈಯಲ್ಲಿದ್ದುದು ಕೊರಳಪಟ್ಟಿ ಮತ್ತು ಹಗ್ಗ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ, ಪೊಲೀಸು ಮತ್ತು ಸೇನೆಯ ನಾಯಿಗಳ ಶಿಕ್ಷಣದ ಕೈಪಿಡಿಯ ದಾರಿ ಅದು: ಹೇಳಿದಂತೆ ಕೇಳಿದರೆ ಹೊಗಳಿಕೆ, ಕೇಳದಿದ್ದರೆ ಹಗ್ಗದ ಜಗ್ಗು. ಆ ದಾರಿಯಲ್ಲೂ ನಾಯಿ ಕಲಿಯುತ್ತಿತ್ತು, ಆದ್ದರಿಂದಲೇ ಬೇರೆ ದಾರಿ ಹುಡುಕುವ ದರ್ದು ಯಾರಿಗೂ ಬರಲಿಲ್ಲ.

ದರ್ದು ಬಂದದ್ದು ಹಗ್ಗ ಕಟ್ಟಲಾಗದ ಪ್ರಾಣಿಯ ಹತ್ತಿರ. ಹವಾಯಿ ದ್ವೀಪದಲ್ಲಿ ಕುದುರೆಮರಿಗಳನ್ನು ಬೆಳೆಸುತ್ತಿದ್ದ ಕರೆನ್ ಪ್ರಯರ್ ಎಂಬಾಕೆಗೆ 1963ರಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುವ ಕೆಲಸ ಬಂತು; ಸೀ ಲೈಫ್ ಪಾರ್ಕ್ ಮರುವರ್ಷ ತೆರೆಯುವುದಿತ್ತು. ಡಾಲ್ಫಿನ್‌ಗೆ ಕೊರಳಪಟ್ಟಿ ಹಾಕುವುದೆಲ್ಲಿಂದ? ಗದರಿದರೆ ಕೊಳದ ಆಚೆ ದಡಕ್ಕೆ ಹೋಗಿಬಿಡುತ್ತದೆ. ಗಾಳಿಯಲ್ಲಿ ಚಿಮ್ಮಿದಾಗ ಬಾಯಿಗೆ ಮೀನು ಇಡಲಾಗದು, ಸೀಟಿ ಊದಬಹುದು. ಅಷ್ಟು ಹೊತ್ತಿಗೆ ಬ್ರೆಲ್ಯಾಂಡ್ ಬಳಗ ಡಾಲ್ಫಿನ್ ಪ್ರದರ್ಶನಗಳಿಗೆ ಇದೇ ಹಾದಿ ಹಾಕಿಕೊಟ್ಟಿತ್ತು.

ಮಲಿಯಾ ಎಂಬ ಡಾಲ್ಫಿನ್ ಜತೆ ಪ್ರಯರ್ ಒಂದು ಹೊಸ ಆಟ ಹೂಡಿದಳು. ಪ್ರೇಕ್ಷಕರ ಮುಂದೆ ಪ್ರತಿದಿನ, ಅದು ಹಿಂದೆಂದೂ ಮಾಡದ ಯಾವುದಾದರೂ ಒಂದಕ್ಕೆ ಮಾತ್ರ ಸೀಟಿ. ನಿನ್ನೆಯದ್ದಕ್ಕೆ ಇಂದು ಮೀನಿಲ್ಲ. ಕೆಲವು ದಿನ ಮಲಿಯಾ ತನಗೆ ಗೊತ್ತಿದ್ದ ಆಟಗಳನ್ನೆಲ್ಲ ಆಡಿ ಸೋತಿತು. ಆಮೇಲೆ ಒಂದು ದಿನ ಅಂಗಾತವಾಗಿ ಬಾಲವನ್ನು ನೀರಿನಿಂದ ಮೇಲೆತ್ತಿ ಜಾರಿತು. ಕೊಳದ ತಳದಲ್ಲಿ ಗೆರೆ ಎಳೆದಂತೆ ಉಜ್ಜಿಕೊಂಡು ಹೋಯಿತು. ಯಾರೂ ಕಲಿಸದ, ಆ ಜಾತಿಯಲ್ಲಿ ಯಾರೂ ಕಂಡಿರದ ಚೇಷ್ಟೆಗಳು. ಹೌ ಎಂಬ ಇನ್ನೊಂದು ಡಾಲ್ಫಿನ್ ಮೇಲೆ ಅದನ್ನೇ ಲೆಕ್ಕವಿಟ್ಟು ಮಾಡಿ 1969ರಲ್ಲಿ ಪ್ರಕಟಿಸಿದರು. 'ಹೊಸದನ್ನು ಮಾಡು' ಎಂಬುದನ್ನೂ ಕಲಿಸಬಹುದು ಎಂದಾಯಿತು. ಗಿರಣಿಯ ಅಟ್ಟದಲ್ಲಿ ಸಿಕ್ಕಿದ್ದಕ್ಕಿಂತ ಇದೇ ದೊಡ್ಡದು ಎಂದು ನನ್ನ ಎಣಿಕೆ. ಅಲ್ಲಿ ಮನುಷ್ಯ ಮೊದಲೇ ಮನಸ್ಸಿನಲ್ಲಿ ಗೆರೆ ಹಾಕಿಕೊಂಡು ಪ್ರಾಣಿಯನ್ನು ಅದಕ್ಕೆ ತಿದ್ದಿದ್ದ. ಇಲ್ಲಿ ಗೆರೆ ಹಾಕುವ ಕೆಲಸವೂ ಪ್ರಾಣಿಗೇ ಬಂತು.

ಸೀಟಿ ಕೊಳದಿಂದ ಮನೆಯಂಗಳಕ್ಕೆ ಬರಲು ಮತ್ತೂ ಎರಡು ದಶಕ ಹಿಡಿಯಿತು. ಈ ಕಲಿಸುವ ಬಗೆಯ ಮೇಲೆ ಪ್ರಯರ್ 1984ರಲ್ಲಿ ಬರೆದ ಪುಸ್ತಕವನ್ನು ನಾಯಿ ಸಾಕುವವರು ಹುಡುಕಿ ಓದಿದರು. 1992ರಲ್ಲಿ ಆಕೆ ಮತ್ತು ನಾಯಿ ತರಬೇತುದಾರ ಗ್ಯಾರಿ ವಿಲ್ಕ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಯಿಯವರನ್ನು ಕೂಡಿಸಿ ಪ್ಲಾಸ್ಟಿಕ್ ಡಬ್ಬಿಯಂಥ ಟಕ್-ಟಕ್ ಕೈಗೆ ಕೊಟ್ಟರು. ಸ್ಕಿನ್ನರ್ ಅದೇ ಮಾತನ್ನು ಬರೆದು 41 ವರ್ಷವಾಗಿತ್ತು. ಆತ ತೀರಿಕೊಂಡು ಎರಡು. ಇಂದು ಬೆಂಗಳೂರಿನ ಸಾಕುಪ್ರಾಣಿ ಅಂಗಡಿಯಲ್ಲೂ ಅದು ಸಿಗುತ್ತದೆ, ಕ್ಲಿಕರ್ ಎಂದು ಕೇಳಬೇಕು. ಇಲ್ಲವಾದರೆ ಗುಂಡಿ ಒತ್ತುವ ಬಾಲ್‌ಪೆನ್ನೂ ನಡೆದೀತು.

ಶೇಕ್‌ಹ್ಯಾಂಡಿಗೆ ಮರಳೋಣ. ಮೊದಲು ಹತ್ತಿಪ್ಪತ್ತು ಸಲ ಬರೀ ಟಕ್ ಮತ್ತು ತಿಂಡಿ, ಸದ್ದಿಗೆ ನಾಯಿ ತಟ್ಟನೆ ತಿರುಗುವ ತನಕ. ಆಮೇಲೆ ತಿಂಡಿ ಮುಚ್ಚಿದ ಮುಷ್ಟಿಯನ್ನು ಅದರ ಮುಂದೆ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಸುಮ್ಮನಿರಿ. ಒಂದು ಘಳಿಗೆಯಲ್ಲಿ ಮೈಭಾರ ಒಂದು ಕಾಲಿಗೆ ಬಿದ್ದು ಇನ್ನೊಂದು ಕಾಲು ನೆಲದಿಂದ ಅರ್ಧ ಇಂಚು ಏಳುತ್ತದೆ. ಟಕ್. ಪಾರಿವಾಳ ಚೆಂಡಿನ ಕಡೆ ನೋಡಿದ್ದು ಇದೇ. ಅಲ್ಲಿಂದ ಮುಷ್ಟಿಗೆ ಕಾಲು ತಾಗುವ ತನಕ ಐದು ನಿಮಿಷದ ನಾಲ್ಕೈದು ಪಾಠ ಸಾಕಾಗಬಹುದು. 'ಕೈ ಕೊಡು' ಎಂಬ ಮಾತು ಕಟ್ಟಕಡೆಗೆ, ಕಾಲು ತಾನಾಗಿ ಬರತೊಡಗಿದ ಮೇಲೆ. ಅದಕ್ಕೂ ಮೊದಲು ಆಡಿದರೆ ನಾಯಿಗೆ ಅದು ಬರೀ ಗದ್ದಲ. ಮಳೆ ಹಿಡಿದ ದಿನ ಮಲಿಯಾಳ ಆಟವನ್ನೇ ಆಡಬಹುದು: ಖಾಲಿ ರಟ್ಟಿನ ಪೆಟ್ಟಿಗೆ ನಡುಮನೆಯಲ್ಲಿಟ್ಟು, ನಾಯಿ ಅದರೊಡನೆ ಮಾಡುವ ಪ್ರತಿ ಹೊಸ ಚೇಷ್ಟೆಗೆ ಒಂದು ಟಕ್. ಮೂಸಿದ್ದಕ್ಕೆ ಒಂದು, ಕಾಲಿಟ್ಟದ್ದಕ್ಕೆ ಒಂದು, ಒಳಗೆ ಕೂತದ್ದಕ್ಕೆ, ತಲೆಗೆ ಹಾಕಿಕೊಂಡದ್ದಕ್ಕೆ.

ಟಕ್ ಒತ್ತಿದ ಮೇಲೆ ತಿಂಡಿ ಕೊಡಲೇಬೇಕು, ಕೈತಪ್ಪಿ ಒತ್ತಿದ್ದರೂ. ಬೇಯಿಸಿದ ಕೋಳಿಯ ಎಳೆ, ಪನೀರಿನ ಚೂರು, ಏನೂ ಇಲ್ಲದಿದ್ದರೆ ಮುದ್ದೆಯ ಕಡಲೆಗಾತ್ರದ ಉಂಡೆ ನಡೆಯುತ್ತದೆ. ಕೇಸರಿಬಾತು ಮಾತ್ರ ಬೇಡ. ಅದರಲ್ಲಿರುವ ಒಣದ್ರಾಕ್ಷಿ ನಾಯಿಗೆ ವಿಷ.